ಧ್ವನಿಮುದ್ರಿಕೆಯ ಸಾಕ್ಷ್ಯ

ಶಬ್ದವು ನಿತ್ಯವೋ ಅನಿತ್ಯವೋ ಎಂಬ ವಿವಾದವು ನಮ್ಮ ಶಾಸ್ತ್ರಕಾರರಲ್ಲಿ ಬಹು ಹಳೆಯದು. ಮೀಮಾಂಸಕರು ಶಬ್ದವು ನಿತ್ಯವೆಂದೂ, ಬಾಯಿಂದ ಹೊರಡುವ ಧ್ವನಿಯು ಅದನ್ನು ವ್ಯಕ್ತಪಡಿಸುವುದೇ ಹೊರತು ಹುಟ್ಟಿಸುವುದಿಲ್ಲವೆಂದೂ ಸಾಧಿಸಿದರು. ನೈಯಾಯಿಕರು ಅದನ್ನೊಪ್ಪದೆ, ಶಬ್ದವು ಹುಟ್ಟುವ ವಸ್ತು, ಹುಟ್ಟಿದ ಮೂರನೆಯ ಕ್ಷಣದಲ್ಲಿಯೇ ಅಳಿಯುವ ವಸ್ತು ಎಂದರು. ಪಾಠಶಾಲೆಯ ಹುಡುಗರಿಗೆ ಈ ಚರ್ಚೆ ಒಣ ತರ್ಕವಾಗಿ ತೋರುವುದು ಸಹಜ. ಆದರೆ ಒಳ್ಳೆಯ ಕಚೇರಿಯೊಂದನ್ನು ಕೇಳಿ ರಾತ್ರಿ ಮನೆಗೆ ನಡೆದು ಬರುವವನಿಗೆ ನೈಯಾಯಿಕರ ಮಾತು ತರ್ಕವಲ್ಲ, ಅನುಭವ. ಕಿವಿಯಲ್ಲಿ ಇನ್ನೂ ಗುಂಯ್‌ಗುಡುತ್ತಿರುವುದು ಸಂಗೀತವಲ್ಲ, ಸಂಗೀತದ ಸಂಸ್ಕಾರ. ಸಂಗೀತವು ಆಗಲೇ ಹೋಯಿತು.

ಹೋದುದನ್ನು ಹಿಡಿದಿಡುವ ಯಂತ್ರವು ಬಂದ ಮೇಲೆ ಈ ಪ್ರಶ್ನೆಗೆ ಹೊಸದೊಂದು ಮುಖವು ಹುಟ್ಟಿತು. 1902ರಲ್ಲಿ ಕಲ್ಕತ್ತೆಯಲ್ಲಿ ಗ್ರಾಮಫೋನ್ ಕಂಪನಿಯವರು ಗೌಹರ್ ಜಾನಳ ಗಾಯನವನ್ನು ತಟ್ಟೆಗಳ ಮೇಲೆ ಮುದ್ರಿಸಿಕೊಂಡರು. ಗಂಟೆಗಟ್ಟಲೆ ಬೆಳೆಸಬೇಕಾದ ರಾಗವನ್ನು ಆಕೆ ಎರಡು ಮೂರು ನಿಮಿಷಗಳಿಗೆ ಇಳಿಸಿ ಹಾಡಿ, ಕೊನೆಯಲ್ಲಿ ತನ್ನ ಹೆಸರನ್ನು ತಾನೇ ಗಟ್ಟಿಯಾಗಿ ಉಚ್ಚರಿಸುತ್ತಿದ್ದಳು. ತಟ್ಟೆಗಳನ್ನು ಅಚ್ಚು ಹಾಕುತ್ತಿದ್ದುದು ಜರ್ಮನಿಯಲ್ಲಿ. ಹಾಡಿದವರು ಯಾರೆಂದು ಅಲ್ಲಿಯ ಕೆಲಸಗಾರರಿಗೆ ತಿಳಿಯಲೆಂದು ಈ ಏರ್ಪಾಡು. ಆದರೂ ಅದರಲ್ಲಿ ವ್ಯವಹಾರದ ಅನುಕೂಲಕ್ಕಿಂತ ಹೆಚ್ಚಿನದೊಂದು ಇರುವುದನ್ನು ಗಮನಿಸಬಹುದು. ಪತ್ರದ ಕೆಳಗೆ ರುಜು ಹಾಕುವಂತೆ, ಈ ಧ್ವನಿ ನನ್ನದು, ಇದನ್ನು ನಾನೇ ಹಾಡಿದೆನು ಎಂದು ಆಕೆ ಒಪ್ಪಿ ಕೊಟ್ಟಂತಾಯಿತು. ಆ ಗೌಹರ್ ಜಾನಳೇ ಕಡೆಗಾಲದಲ್ಲಿ ನಾಲ್ವಡಿ ಕೃಷ್ಣರಾಜ ಒಡೆಯರ ಆಶ್ರಯಕ್ಕೆ ಬಂದು, 1930ರಲ್ಲಿ ಮೈಸೂರಿನಲ್ಲಿಯೇ ತೀರಿಕೊಂಡಳು.

ಧ್ವನಿಮುದ್ರಿಕೆಗಳಲ್ಲಿ ಎರಡು ಜಾತಿ. ಒಂದು, ಮುಚ್ಚಿದ ಕೋಣೆಯಲ್ಲಿ ಹಾಡಿ, ತಪ್ಪಿದಲ್ಲಿ ಮತ್ತೆ ಹಾಡಿ, ಸರಿಪಡಿಸಿ ಹೊರಡಿಸುವುದು. ಇದರಲ್ಲಿ ವಂಚನೆಯಿಲ್ಲ, ಕವಿಯು ತನ್ನ ಪದ್ಯವನ್ನು ಹತ್ತು ಸಲ ತಿದ್ದಿದನೆಂದು ಯಾರೂ ಆಕ್ಷೇಪಿಸರು. ಇನ್ನೊಂದು, ಸಭೆಯ ನಡುವೆ, ಜನರೆದುರಿಗೆ ನಡೆದ ಕಚೇರಿಯನ್ನು ನಡೆದಂತೆಯೇ ಮುದ್ರಿಸಿದುದು. ಇದನ್ನು ಇಂಗ್ಲಿಷಿನಲ್ಲಿ ‘ಲೈವ್’ ಎನ್ನುವರು. ಕನ್ನಡದಲ್ಲಿ ‘ಜೀವಂತ’ ಎಂದರೆ ಅರ್ಥವು ಸರಿಹೋಗದು, ‘ಸಾಕ್ಷಾತ್’ ಎಂದರೆ ಹತ್ತಿರವಾದೀತು. ಈ ಎರಡನೆಯ ಜಾತಿಯ ಮುದ್ರಿಕೆಯನ್ನು ಆಮೇಲೆ ಗುಟ್ಟಾಗಿ ತಿದ್ದುವುದು ಧರ್ಮವೇ? ತಿದ್ದಿದರೆ ಅನ್ಯಾಯವಾಗುವುದು ಯಾರಿಗೆ? ವಿಚಾರಿಸಬೇಕಾದುದು ಇಷ್ಟೆ.

ಉದಾಹರಣೆಗೆ ಕರ್ನಾಟಕ ಸಂಗೀತದ ವಿದ್ವಾಂಸರನ್ನು ಬಿಟ್ಟು ‘ಹೆವಿ ಮೆಟಲ್’ ಎಂಬ ಪಾಶ್ಚಾತ್ಯ ಸಂಗೀತದ ಮೇಳವೊಂದನ್ನು ಇಲ್ಲಿ ತೆಗೆದುಕೊಂಡಿರುವುದು ವಾಚಕರಿಗೆ ವಿಚಿತ್ರವಾಗಿ ಕಾಣಬಹುದು. ಈ ಸಂಗೀತದ ಹೆಸರು ಕೇಳಿದೊಡನೆ ಹಿರಿಯರು ಕಿವಿ ಮುಚ್ಚಿಕೊಳ್ಳುವರು. ಮೂರು ಗಿಟಾರುಗಳು, ಮಂದ್ರಸ್ಥಾಯಿಯ ಬೇಸ್ ಗಿಟಾರೊಂದು, ಎರಡು ಕೈ ಎರಡು ಕಾಲುಗಳಿಂದಲೂ ಬಾರಿಸುವ ಡ್ರಮ್ಮುಗಳು, ಇವೆಲ್ಲಕ್ಕೂ ಮೇಲೆ ಏರಿ ನಿಲ್ಲಬೇಕಾದ ಮನುಷ್ಯಕಂಠ. ಎಲ್ಲವೂ ವಿದ್ಯುಚ್ಛಕ್ತಿಯಿಂದ ಎದೆ ನಡುಗುವಷ್ಟು ವರ್ಧಿಸಿದ ಧ್ವನಿ. ಇದು ಗದ್ದಲವೇ ಸರಿ ಎನ್ನುವವರು, ಮಾರಿಹಬ್ಬದ ರಾತ್ರಿ ತಮಟೆಯವರ ಪಕ್ಕದಲ್ಲಿ ಒಂದು ಗಳಿಗೆ ನಿಂತು, ಆ ಮೇಲೆ ಮಾತನಾಡಬೇಕು. ಗದ್ದಲಕ್ಕೂ ಒಂದು ಶಾಸ್ತ್ರವುಂಟು, ಒಂದು ಆವೇಶವುಂಟು. ಅದೂ ಅಲ್ಲದೆ, ಹೊಸ ಅಗ್ರಹಾರದಂತಹ ಊರುಗಳಿಂದಲೂ ಕೃಷ್ಣರಾಜನಗರ, ಹುಣಸೂರುಗಳಿಂದಲೂ ಬೆಂಗಳೂರಿಗೆ ಉದ್ಯೋಗಕ್ಕೆ ಹೋದ ಮಕ್ಕಳು ಈ ಸಂಗೀತವನ್ನು ಕಿವಿಗೆ ಸಿಕ್ಕಿಸಿಕೊಂಡೇ ಹಬ್ಬಕ್ಕೆ ಮನೆಗೆ ಬರುವರು. ಮನೆಯೊಳಗೆ ಬಂದುದನ್ನು ವಿಚಾರಿಸದಿರುವುದು ವಿವೇಕವಲ್ಲ.

ಮೇಳದ ಹೆಸರು ಐರನ್ ಮೇಡನ್. 1975ರಲ್ಲಿ ಲಂಡನ್ನಿನ ಪೂರ್ವಭಾಗದಲ್ಲಿ ಸ್ಟೀವ್ ಹ್ಯಾರಿಸ್ ಎಂಬ ಬೇಸ್ ಗಿಟಾರು ವಾದಕನು ಇದನ್ನು ಕಟ್ಟಿದನು. ಬ್ರೂಸ್ ಡಿಕಿನ್ಸನ್ ಎಂಬ ಗಾಯಕನು 1981ರಲ್ಲಿ ಸೇರಿ, ನಡುವೆ ಕೆಲವು ವರ್ಷ ಬಿಟ್ಟುಹೋಗಿ, 1999ರಲ್ಲಿ ಮರಳಿ ಬಂದನು. 2007ರ ಮಾರ್ಚ್ 17ರಂದು ಈ ಮೇಳವು ಬೆಂಗಳೂರಿನ ಅರಮನೆ ಮೈದಾನದಲ್ಲಿ ಕಚೇರಿ ಮಾಡಿತು. ಮೈಸೂರು ಅರಸರ ಹೆಸರನ್ನು ಹೊತ್ತ ಆ ಬಯಲಿನಲ್ಲಿ ದೇಶದ ನಾನಾ ಕಡೆಗಳಿಂದ ರೈಲು ಬಸ್ಸುಗಳಲ್ಲಿ ಬಂದ ತರುಣರು ನೆರೆದರು. ಅಂದು ಅಲ್ಲಿದ್ದವರಿಗೆ ಈಗ ನಡುಹರೆಯ. ಮುದ್ರಿಕೆಗಳಿಂದ ಮಾತ್ರ ಪರಿಚಯವಾಗಿದ್ದ ಕಂಠವು ಮೊದಲ ಸಲ ಎದುರಿಗೆ ನಿಂತು ಹಾಡಿದಾಗ, ಅದು ಮುದ್ರಿಕೆಯಂತಿರಲಿಲ್ಲವೆಂಬುದೇ ಅವರು ಮನೆಗೆ ಒಯ್ದ ಸಂಪತ್ತು. ಎಲ್ಲೋ ಒಂದು ಸ್ವರವು ಜಾರಿದ್ದೀತು, ಎಲ್ಲೋ ಉಸಿರು ಸಾಲದೆ ಬಂದೀತು. ಅಂತಹ ಎಡೆಗಳೇ ನೆನಪಿನಲ್ಲಿ ಉಳಿಯತಕ್ಕವು.

ಇನ್ನು ತಿದ್ದುವಿಕೆಯ ವಿಚಾರ. ಸಭೆಯ ಕಚೇರಿಯನ್ನು ಮುದ್ರಿಸುವಾಗ ಒಂದೊಂದು ವಾದ್ಯಕ್ಕೂ ಬೇರೆ ಬೇರೆ ಮೈಕು ಇಟ್ಟು, ಒಂದೊಂದರ ಧ್ವನಿಯನ್ನೂ ಬೇರೆ ಬೇರೆ ಎಳೆಯಾಗಿ ಹಿಡಿಯುವರು. ಜನರ ಕೂಗಿಗೂ ಪ್ರತ್ಯೇಕವಾದ ಮೈಕುಗಳುಂಟು. ಆಮೇಲೆ ಈ ಎಳೆಗಳನ್ನು ಹದವರಿತು ಹೊಸೆದು ಒಂದು ಮಾಡುವರು. ಎಳೆಗಳು ಬೇರೆಯಾಗಿರುವುದರಿಂದಲೇ, ಗಾಯಕನು ತಪ್ಪಿದ ಕಡೆ ಅವನ ಎಳೆಯನ್ನು ಮಾತ್ರ ತೆಗೆದುಹಾಕಿ, ಅವನನ್ನು ಕೋಣೆಯೊಳಗೆ ಕೂರಿಸಿ ಮತ್ತೆ ಹಾಡಿಸಿ, ಆ ಜಾಗದಲ್ಲಿ ಸೇರಿಸಲು ಸಾಧ್ಯವಾಗುವುದು. ನೇಯ್ದ ಸೀರೆಯಲ್ಲಿ ಹಾಸು ಹಾಗೆಯೇ ಇರಲು ಹೊಕ್ಕನ್ನು ಬದಲಿಸಿದಂತೆ. ಕೇಳುವವನಿಗೆ ಹೊಲಿಗೆಯು ತಿಳಿಯದು.

ಇದು ನಡೆಯದ ಸಂಗತಿಯೇನೂ ಅಲ್ಲ. ಜೂಡಾಸ್ ಪ್ರೀಸ್ಟ್ ಎಂಬ ಇನ್ನೊಂದು ಇಂಗ್ಲಿಷ್ ಮೇಳವು 1979ರಲ್ಲಿ ಜಪಾನಿನ ಟೋಕಿಯೋ ನಗರದಲ್ಲಿ ನಡೆದ ಕಚೇರಿಗಳ ಮುದ್ರಿಕೆಯನ್ನು ಹೊರಡಿಸಿತು. ಗಾಯಕನ ಕಂಠವು ಆಗ ಸರಿಯಿರಲಿಲ್ಲ. ಆದುದರಿಂದ ಅವನ ಹಾಡಿಕೆಯನ್ನು ಸ್ಟುಡಿಯೋದಲ್ಲಿ ಮತ್ತೆ ಮುದ್ರಿಸಿ ಸೇರಿಸಿದರೆಂಬುದನ್ನು ಮೇಳದವರೇ ಮುಂದೆ ಒಪ್ಪಿಕೊಂಡರು. ಮುದ್ರಿಕೆಯ ಹೆಸರಿನಲ್ಲಿದ್ದ ‘ಪೂರ್ವದೇಶ’ ಎಂಬ ಮಾತನ್ನು ತೆಗೆದು ‘ಸ್ಟುಡಿಯೋ’ ಎಂದು ಇಟ್ಟು ರಸಿಕರು ನಗೆಯಾಡಿದರು. ನಗೆಯಾಡಿದವರೇ ಅದನ್ನು ಕೊಂಡುಕೊಂಡರು ಎಂಬುದೂ ನಿಜ. ಮುದ್ರಿಕೆಯು ಇಂದಿಗೂ ಮೆಚ್ಚುಗೆ ಪಡೆದಿದೆ. ಗಾನವು ಅಷ್ಟು ಸೊಗಸಾಗಿದೆ.

ಪೂರ್ವಪಕ್ಷವು ಇಲ್ಲಿಯೇ ತಲೆಯೆತ್ತುವುದು. ಹಾಡಿದವನೂ ಅವನೇ, ಹಾಡೂ ಅದೇ. ಕೇಳುವವನು ಕೇಳಬಯಸುವುದು ಆನಂದವನ್ನೇ ಹೊರತು ಗಾಯಕನ ನೆಗಡಿಯನ್ನಲ್ಲ. ಕಲೆಗೆ ಸತ್ಯಾಸತ್ಯದ ನಿರ್ಬಂಧವೆಲ್ಲಿಯದು? ಶ್ರೀಶಂಕುಕನು ಹೇಳಿದ ಚಿತ್ರತುರಗನ್ಯಾಯವು ಈ ಪಕ್ಷಕ್ಕೆ ಒದಗುವಂತೆ ಕಾಣುವುದು. ಗೋಡೆಯ ಮೇಲೆ ಬರೆದ ಕುದುರೆಯನ್ನು ನೋಡಿದಾಗ ಉಂಟಾಗುವ ಜ್ಞಾನವು ಸತ್ಯಜ್ಞಾನವಲ್ಲ, ಮಿಥ್ಯಾಜ್ಞಾನವಲ್ಲ, ಸಂಶಯವಲ್ಲ, ಸಾದೃಶ್ಯಜ್ಞಾನವೂ ಅಲ್ಲ. ಇವೆಲ್ಲಕ್ಕೂ ವಿಲಕ್ಷಣವಾದ ಬೇರೊಂದು. ನಟನನ್ನು ರಾಮನೆಂದು ಕಾಣುವುದೂ ಹಾಗೆಯೇ. ಮುದ್ರಿಕೆಯೂ ಅಂತಹ ಚಿತ್ರದ ಕುದುರೆಯಾಗಿದ್ದರೆ, ಅದಕ್ಕೆ ಚಿತ್ರಕಾರನು ಇನ್ನೊಂದು ಬಣ್ಣ ಬಳಿದರೆ ತಪ್ಪೇನು?

ಈ ವಾದವು ಸುಲಭವಾಗಿ ತಳ್ಳಿಹಾಕತಕ್ಕುದಲ್ಲ. ಆದರೆ ಇದರಲ್ಲೊಂದು ಬಿರುಕಿದೆ. ಚಿತ್ರದ ಕುದುರೆಯನ್ನು ನೋಡುವವನಿಗೆ ಅದು ಚಿತ್ರವೆಂದು ಗೊತ್ತು. ನಾಟಕ ನೋಡುವವನು ರಂಗದ ಮುಂದೆ ಕುಳಿತಿರುವೆನೆಂದು ಬಲ್ಲನು. ಆ ತಿಳಿವಳಿಕೆಯ ನೆಲದ ಮೇಲೆಯೇ ರಸವು ನಿಲ್ಲುವುದು. ಸಭೆಯ ಮುದ್ರಿಕೆಯಾದರೋ ತನ್ನನ್ನು ಚಿತ್ರವೆಂದು ಹೇಳಿಕೊಳ್ಳುವುದಿಲ್ಲ. ಇಂತಹ ಊರಿನಲ್ಲಿ, ಇಂತಹ ದಿನ, ಇಂತಹ ಜನರೆದುರಿಗೆ ಇದು ನಡೆಯಿತು ಎಂದು ಅದು ಸಾಕ್ಷಿ ನುಡಿಯುವುದು. ಸಾಕ್ಷಿಯ ಕಟ್ಟೆಯನ್ನು ಏರಿದ ಮೇಲೆ ಕವಿಯ ಸ್ವಾತಂತ್ರ್ಯವು ಯಾರಿಗೂ ಇಲ್ಲ. ಅಶ್ವತ್ಥಾಮನು ಸತ್ತನೆಂದು ಧರ್ಮರಾಯನು ನುಡಿದ ಮಾತಿನಲ್ಲಿ ಅಕ್ಷರಶಃ ಸುಳ್ಳಾದ ಪದವಾವುದೂ ಇರಲಿಲ್ಲ. ಆನೆಯು ಸತ್ತಿದ್ದುದು ನಿಜವೇ. ಆದರೂ ನೆಲಕ್ಕೆ ನಾಲ್ಕು ಬೆರಳು ಮೇಲೆ ಚರಿಸುತ್ತಿದ್ದ ಅವನ ರಥವು ನೆಲಕ್ಕೆ ಇಳಿಯಿತು. ಟೋಕಿಯೋ ಮುದ್ರಿಕೆಯಲ್ಲಿಯೂ ಪ್ರತಿಯೊಂದು ಸ್ವರವೂ ಆ ಗಾಯಕನದೇ. ‘ಅಂದು ಅಲ್ಲಿ’ ಎಂಬ ಎರಡು ಪದಗಳು ಮಾತ್ರ ನಿಲ್ಲಲಾರವು.

ಹಾಗಾದರೆ ಒಂದು ಅಕ್ಷರವನ್ನೂ ಮುಟ್ಟಬಾರದೆಂದೇ? ಅಷ್ಟು ಕಠಿನವಾದ ವಿಧಿಯೂ ನ್ಯಾಯವಲ್ಲ. ಓಲೆಯ ಗ್ರಂಥಗಳನ್ನು ಬಲ್ಲವರಿಗೆ ಇದರ ಸೂಕ್ಷ್ಮವು ಬೇಗ ಹೊಳೆಯುವುದು. ಲಿಪಿಕಾರರಲ್ಲಿ ಇಬ್ಬರು: ಮೂಲದಲ್ಲಿ ಕಂಡ ತಪ್ಪನ್ನು ತಪ್ಪೆಂದು ಬಲ್ಲದೆ ಹಾಗೆಯೇ ಬರೆಯುವವನು ಒಬ್ಬ, ತಾನೇ ಪಂಡಿತನೆಂದು ಬಗೆದು ಅದನ್ನು ತಿದ್ದಿ ಸರಿಮಾಡುವವನು ಇನ್ನೊಬ್ಬ. ಗ್ರಂಥವನ್ನು ಶೋಧಿಸುವವನಿಗೆ ಮೊದಲನೆಯವನೇ ಹೆಚ್ಚು ಉಪಕಾರಿ. ಎರಡನೆಯವನು ಬರೆದ ಪ್ರತಿಯು ಓದಲು ಹಿತವಾಗಿರುವುದು. ಆದರೆ ಅದರಲ್ಲಿ ಮೂಲಕವಿಯ ಮಾತೆಷ್ಟು, ಲಿಪಿಕಾರನ ಮಾತೆಷ್ಟು ಎಂಬುದನ್ನು ಬೇರ್ಪಡಿಸಲು ಬ್ರಹ್ಮನಿಂದಲೂ ಆಗದು.

ಇವರಿಬ್ಬರಲ್ಲದೆ ಮೂರನೆಯವನೂ ಒಬ್ಬನುಂಟು. ಪುಣೆಯ ಭಂಡಾರ್ಕರ್ ಪ್ರಾಚ್ಯವಿದ್ಯಾ ಸಂಶೋಧನ ಮಂದಿರದವರು 1919ರಲ್ಲಿ ಮಹಾಭಾರತದ ಸಂಶೋಧಿತ ಪರಿಷ್ಕರಣವನ್ನು ಕೈಗೊಂಡು 1966ರಲ್ಲಿ ಮುಗಿಸಿದರು. ನಾನಾ ದೇಶಗಳ, ನಾನಾ ಲಿಪಿಗಳ ಪ್ರತಿಗಳನ್ನು ಹೋಲಿಸಿ ಅವರು ನಿಲ್ಲಿಸಿದ ಪಾಠವು ಯಾವೊಂದು ಓಲೆಯಲ್ಲಿಯೂ ಇಡಿಯಾಗಿ ಆ ರೂಪದಲ್ಲಿ ಇಲ್ಲ. ಆದರೂ ಅದನ್ನು ಯಾರೂ ಸುಳ್ಳು ಗ್ರಂಥವೆನ್ನರು. ಏಕೆಂದರೆ ಪುಟದ ಕೆಳಗೆ ಪಾಠಾಂತರಗಳೆಲ್ಲವೂ ಇವೆ; ಯಾವ ಮಾತು ಎಲ್ಲಿಂದ ಬಂದಿತೆಂದು ಓದುಗನು ಬೆರಳಿಟ್ಟು ನೋಡಬಹುದು. ಐರನ್ ಮೇಡನ್ ಮೇಳವು 2008ರಲ್ಲಿ ತನ್ನದೇ ವಿಮಾನದಲ್ಲಿ ಲೋಕಸಂಚಾರ ಮಾಡಿದಾಗ ತೆಗೆದ ಚಲನಚಿತ್ರವೂ ಅದರ ಮುದ್ರಿಕೆಯೂ ಮರುವರ್ಷ ಹೊರಬಂದವು. ಆ ಮುದ್ರಿಕೆಯಲ್ಲಿ ಒಂದೊಂದು ಹಾಡು ಒಂದೊಂದು ಊರಿನದು: ಮೊದಲನೆಯದು ಫೆಬ್ರುವರಿ 1ರಂದು ಮುಂಬಯಿಯಲ್ಲಿ ಹಾಡಿದುದು, ಆಮೇಲೆ ಮೆಲ್ಬರ್ನ್, ಸಿಡ್ನಿ, ಟೋಕಿಯೋ, ಹೀಗೆ. ಆ ಕ್ರಮದಲ್ಲಿ ಆ ಕಚೇರಿಯನ್ನು ಭೂಮಿಯ ಮೇಲೆ ಯಾರೂ ಕೇಳಿಲ್ಲ. ಆದರೂ ಊರಿನ ಹೆಸರನ್ನು ಪ್ರತಿಯೊಂದು ಹಾಡಿನ ಪಕ್ಕದಲ್ಲಿಯೂ ಬರೆದಿರುವುದರಿಂದ ಅದು ಪುಣೆಯ ಪಂಡಿತರ ಕೆಲಸದ ಜಾತಿಗೆ ಸೇರಿತು. ಆಯ್ಕೆಯು ದೋಷವಲ್ಲ, ಆಯ್ದುದನ್ನು ಮುಚ್ಚಿಡುವುದು ದೋಷ.

ಈವರೆಗೆ ಹೇಳಿದುದು ಕೊಳ್ಳುವವನ ಪಕ್ಷದಿಂದ. ಕೊಂಡವನಿಗೆ ಹಣ ನಷ್ಟವೆಂಬುದು ಸಣ್ಣ ಮಾತು. ಅವನು ಹಾಡಿನಲ್ಲಿ ಸುಖಪಟ್ಟಿದ್ದರೆ ದೂರುವುದಕ್ಕೆ ಅವನಿಗೆ ಬಹಳವೇನೂ ಇಲ್ಲ. ಹೆಚ್ಚಿನ ಅನ್ಯಾಯವಾಗುವುದು ಇನ್ನಿಬ್ಬರಿಗೆ.

ಮೊದಲು, ಸಭೆಯಲ್ಲಿದ್ದವರಿಗೆ. ಮುದ್ರಿಕೆಯಲ್ಲಿ ಕೇಳುವ ಜನರ ಕೂಗು ಒಂದು ಅಲಂಕಾರವಲ್ಲ, ಉತ್ತರ. ಗಾಯಕನು ಹಾಡಿದ ಆ ಸ್ವರಕ್ಕೆ, ಆ ಕ್ಷಣದಲ್ಲಿ, ಅವರ ಎದೆಯಿಂದ ಬಂದ ಉತ್ತರ. 2001ರ ಜನವರಿಯಲ್ಲಿ ಬ್ರೆಜಿಲಿನ ರಿಯೋ ನಗರದಲ್ಲಿ ಈ ಮೇಳದ ಮುಂದೆ ಎರಡೂವರೆ ಲಕ್ಷ ಜನ ನೆರೆದಿದ್ದರೆಂದು ಹೇಳುವರು. ಆ ಮುದ್ರಿಕೆಯಲ್ಲಿ ಗಿಟಾರಿನ ಸ್ವರಪಂಕ್ತಿಯನ್ನು, ಅದರಲ್ಲಿ ಮಾತುಗಳೇ ಇಲ್ಲದಿದ್ದರೂ, ಜನಸಮುದ್ರವೇ ಓ ಎಂದು ಹಾಡುವುದು ಕೇಳಿಬರುವುದು. ವಾದ್ಯವು ಮುಂದೆಯೋ ಜನರು ಮುಂದೆಯೋ ಹೇಳಲಾಗದು. ದೇವರ ಉತ್ಸವದಲ್ಲಿ ಗೋವಿಂದನಾಮವನ್ನು ಒಬ್ಬನು ಎತ್ತಿಕೊಡಲು ಬೀದಿಯೇ ಕೂಗುವುದಿಲ್ಲವೆ, ಅದರಂತೆ. ಈಗ ಗಾಯಕನ ಎಳೆಯನ್ನು ತೆಗೆದು ಬೇರೊಂದನ್ನು ಅಲ್ಲಿ ಕೂರಿಸಿದರೆ, ಜನರ ಉತ್ತರವು ಅವರು ಕೇಳದ ಪ್ರಶ್ನೆಗೆ ಕೊಟ್ಟ ಉತ್ತರವಾಗುವುದು. ಒಡೆದ ಕಂಠವನ್ನು ಕೇಳಿ, ಅದು ಒಡೆದಿದೆಯೆಂದು ತಿಳಿದೇ, ಅವನನ್ನು ಎತ್ತಿ ಹಿಡಿಯಲೆಂದು ಹೆಚ್ಚು ಗಟ್ಟಿಯಾಗಿ ಕೂಗಿದವರು, ಮುದ್ರಿಕೆಯಲ್ಲಿ ಒಡೆಯದ ಕಂಠವನ್ನು ಹೊಗಳಿದವರಂತೆ ಕಾಣುವರು. ಗಾಯಕನನ್ನು ಮತ್ತೆ ಸ್ಟುಡಿಯೋಗೆ ಕರೆಯಬಹುದು, ಅವರನ್ನು ಕರೆಯುವಂತಿಲ್ಲ. ಅವರನ್ನು ಕೇಳದೆಯೇ ಅವರಿಂದ ಸುಳ್ಳುಸಾಕ್ಷ್ಯವನ್ನು ಹೇಳಿಸಿದಂತಾಯಿತು.

ಎರಡನೆಯವನು ಗಾಯಕನೇ, ಅದರಲ್ಲಿಯೂ ವಯಸ್ಸಾದ ಗಾಯಕನು. ಡಿಕಿನ್ಸನ್ನನಿಗೆ 2015ರ ಮೊದಲಲ್ಲಿ ನಾಲಗೆಯ ಬುಡದಲ್ಲಿ ಕ್ಯಾನ್ಸರ್ ಇರುವುದು ಪ್ರಕಟವಾಯಿತು. ಗಾಯಕನಿಗೆ ಅದಕ್ಕಿಂತ ಕ್ರೂರವಾದ ಸ್ಥಾನವಿಲ್ಲ. ಚಿಕಿತ್ಸೆಯಾಗಿ, ಗುಣವಾಗಿ, ಮರುವರ್ಷವೇ ಅವನು ಮತ್ತೆ ರಂಗದ ಮೇಲೆ ನಿಂತನು. 2019ರ ಸೆಪ್ಟೆಂಬರಿನಲ್ಲಿ ಮೆಕ್ಸಿಕೋ ನಗರದಲ್ಲಿ ಮೂರು ರಾತ್ರಿ ನಡೆದ ಕಚೇರಿಗಳನ್ನು ಮುದ್ರಿಸಿ, ಲೋಕದಲ್ಲೆಲ್ಲ ಕೊರೋನಾ ವ್ಯಾಧಿಯಿಂದ ಸಭೆಗಳೇ ನಿಂತುಹೋಗಿದ್ದ 2020ರ ನವೆಂಬರಿನಲ್ಲಿ ಹೊರಡಿಸಿದರು. ಮೂರು ರಾತ್ರಿಗಳಿಂದ ಆಯ್ದುದೆಂಬುದನ್ನು ಮುಚ್ಚಿಡಲಿಲ್ಲ; ಮುದ್ರಿಕೆಯ ಹೆಸರಿನಲ್ಲಿಯೇ ‘ರಾತ್ರಿ’ ಎಂಬುದು ಬಹುವಚನದಲ್ಲಿದೆ. ವ್ಯಾಕರಣವು ಕೆಲವು ವೇಳೆ ಧರ್ಮವನ್ನು ಕಾಯುವುದು. ಆಗ ಗಾಯಕನಿಗೆ 61 ವರ್ಷ, ಹ್ಯಾರಿಸನಿಗೆ 63, ಡ್ರಮ್ಮು ಬಾರಿಸುವ ನಿಕೋ ಮೆಕ್‌ಬ್ರೇನನಿಗೆ 67. ಇದೇ ಮೇಳವು 1985ರಲ್ಲಿ ಕ್ಯಾಲಿಫೋರ್ನಿಯಾದ ಲಾಂಗ್ ಬೀಚಿನಲ್ಲಿ ಮುದ್ರಿಸಿದುದರ ಪಕ್ಕದಲ್ಲಿಟ್ಟು ಇದನ್ನು ಕೇಳಿದರೆ, ಕಂಠವು ಭಾರವಾಗಿರುವುದೂ, ತಾರಸ್ಥಾಯಿಗೆ ಏರುವಲ್ಲಿ ಹಿಂದೆ ಹಾರುತ್ತಿದ್ದವನು ಈಗ ಮೆಟ್ಟಿಲು ಹತ್ತುತ್ತಿರುವುದೂ ಕಿವಿಗೆ ಬೀಳುವುದು. ಹತ್ತಿದನೆಂಬುದರಲ್ಲಿಯೇ ಅದರ ಬೆಲೆ. ಆ ಕಂಠವನ್ನು ಯಂತ್ರದಿಂದ ನಯಮಾಡಿ ಇಪ್ಪತ್ತಾರು ವರ್ಷದವನದನ್ನಾಗಿ ಮಾಡುವುದು ಇಂದು ಕಷ್ಟವಲ್ಲ. ಮಾಡಿದರೆ ವ್ಯಾಧಿಯನ್ನು ಗೆದ್ದು ಬಂದವನ ಕಾರ್ಯವೇ ಅಳಿಸಿಹೋಗುವುದು. ಎಂದೂ ಬೀಳದವನು ಎದ್ದನೆಂದು ಹೇಳುವುದರಲ್ಲಿ ಅರ್ಥವಿಲ್ಲ.

ಕಂಠಕ್ಕೆ ವಯಸ್ಸಾಗುವುದು ಕುಂದೆಂಬ ಎಣಿಕೆಯೂ ಪೂರ್ತಿ ಸರಿಯಲ್ಲ. ಹುಬ್ಬಳ್ಳಿಯ ಗಂಗೂಬಾಯಿ ಹಾನಗಲ್ಲರು ತಾರುಣ್ಯದಲ್ಲಿ ‘ಗಾಂಧಾರಿ’ ಎಂಬ ಹೆಸರಿನಿಂದ ಕೊಟ್ಟ ಗ್ರಾಮಫೋನ್ ತಟ್ಟೆಗಳಲ್ಲಿ ತೆಳುವಾದ, ಮೇಲಿನ ಸ್ಥಾಯಿಯ ಹೆಣ್ಣುದನಿಯು ಕೇಳಿಬರುವುದು. ಗಂಟಲಿನ ವ್ಯಾಧಿಗೆ ಚಿಕಿತ್ಸೆಯಾದ ಮೇಲೆ ಅವರ ದನಿಯು ಗಂಡಸಿನದರಂತೆ ಗಂಭೀರವಾಯಿತು. ಕಿರಾನಾ ಘರಾಣೆಯ ಕೀರ್ತಿಯನ್ನು ಬೆಳಗಿಸಿದುದು ಆ ಎರಡನೆಯ ದನಿ. ಅವರೂ ಕ್ಯಾನ್ಸರನ್ನು ದಾಟಿ ಬಂದು, 2006ರಲ್ಲಿ ತೊಂಬತ್ತು ಮೀರಿದ ಮೇಲೆ ಕಡೆಯ ಕಚೇರಿಯನ್ನು ಮಾಡಿದರು. ಹಳೆಯ ತಟ್ಟೆಯ ದನಿಯೇ ಅವರ ನಿಜವಾದ ದನಿ, ಉಳಿದುದು ರೋಗ ಎಂದು ಯಾರಾದರೂ ಯಂತ್ರಕ್ಕೆ ಕೊಟ್ಟು ‘ಸರಿಪಡಿಸಿ’ದ್ದರೆ ಕನ್ನಡನಾಡಿಗೆ ಆಗುತ್ತಿದ್ದ ನಷ್ಟವನ್ನು ಯೋಚಿಸಬಹುದು.

ಮೈಸೂರಿನವರಿಗೆ ಇನ್ನೊಂದು ಸಂಗತಿಯು ನೆನಪಿರತಕ್ಕುದು. ಎರಡನೆಯ ಮಹಾಯುದ್ಧವು ಮುಗಿದ ಮೇಲೆ, ಶ್ರೀ ಜಯಚಾಮರಾಜ ಒಡೆಯರು ಲಂಡನ್ನಿನಲ್ಲಿ ಬಡತನದಲ್ಲಿಯೂ ಹೃದ್ರೋಗದಲ್ಲಿಯೂ ಇದ್ದ ನಿಕೊಲಾಯ್ ಮೆಟ್ನರ್ ಎಂಬ ರಷ್ಯನ್ ವಾಗ್ಗೇಯಕಾರನ ಕೃತಿಗಳನ್ನು ಅವನ ಕೈಯಿಂದಲೇ ಪಿಯಾನೋದ ಮೇಲೆ ನುಡಿಸಿ ಮುದ್ರಿಸಲು ಧನಸಹಾಯ ಮಾಡಿದರು. ಅವನಿಗಿಂತ ಚುರುಕಾದ ಬೆರಳುಗಳ ತರುಣರು ಆಗ ಇರಲಿಲ್ಲವೆಂದಲ್ಲ. ಮಹಾರಾಜರಿಗೆ ಬೇಕಾಗಿದ್ದುದು ಅವನ ಬೆರಳುಗಳೇ. 1951ರಲ್ಲಿ ಅವನು ತೀರಿಕೊಂಡನು, ತಟ್ಟೆಗಳು ಉಳಿದವು.

ಈ ವಿಚಾರವು ಪರದೇಶದ ಮೇಳಗಳಿಗೆ ಮಾತ್ರ ಸೇರಿದುದಾಗಿದ್ದರೆ ಇಷ್ಟು ಬೆಳೆಸಬೇಕಾಗಿರಲಿಲ್ಲ. ಈಗ ಪ್ರತಿಯೊಂದು ಮನೆಯಲ್ಲಿಯೂ ಜೇಬಿನೊಳಗೇ ಧ್ವನಿಮುದ್ರಣದ ಯಂತ್ರವುಂಟು. ಕಾವೇರಿಯ ಈಚೆ ದಡದ ಯಾವುದೋ ಒಂದು ಅಗ್ರಹಾರದ ಮನೆಯನ್ನು ಊಹಿಸಬಹುದು. ಶ್ರಾವಣಮಾಸದಲ್ಲಿ ಮನೆಯ ಯಜಮಾನರು ಜಗಲಿಯಲ್ಲಿ ಕುಳಿತು ಗದುಗಿನ ಭಾರತವನ್ನು ವಾಚಿಸುವರು. ವಯಸ್ಸು ಎಪ್ಪತ್ತೆಂಟು, ಷಟ್ಪದಿಯ ನಡುವೆ ಕೆಮ್ಮು ಬರುವುದು, ಒಂದು ಕಡೆ ಪದವು ಮರೆತು ನಿಲ್ಲುವರು, ಒಳಗಿನಿಂದ ಹೆಂಡತಿಯು ಅದನ್ನು ಎತ್ತಿಕೊಡುವರು, ಹೂಂ ಎಂದು ಮುಂದುವರಿಸುವರು. ಮೊಮ್ಮಗನು ಅದನ್ನು ಮುದ್ರಿಸಿಕೊಂಡು ಬೆಂಗಳೂರಿಗೆ ಒಯ್ಯುವನು. ಎರಡು ವರ್ಷಗಳ ಬಳಿಕ ಯಜಮಾನರು ಇಲ್ಲ. ವರ್ಷಾಬ್ದಿಕದ ದಿನ ಎಲ್ಲರೂ ಕೂಡಿದಾಗ ಕೇಳಿಸಬೇಕೆಂದು ಹುಡುಗನು ಕುಳಿತು ಶುದ್ಧಿ ಮಾಡತೊಡಗುವನು. ಭಕ್ತಿಯಿಂದಲೇ ಮಾಡುವನು, ಅವನಲ್ಲಿ ಕಪಟವಿಲ್ಲ. ಕೆಮ್ಮು ಹೋಯಿತು. ಬೀದಿಯಲ್ಲಿ ಹೋದ ಎತ್ತಿನ ಕೊರಳ ಗಂಟೆ ಹೋಯಿತು. ತಡವರಿಸಿದ ಜಾಗದಲ್ಲಿ, ತಾತನ ಕಂಠವನ್ನೇ ಕಲಿತ ಯಂತ್ರವು ಮರೆತ ಪದವನ್ನು ತಾತನ ದನಿಯಲ್ಲಿಯೇ ನುಡಿಯಬಲ್ಲದು. ಇಂದಿನ ಯಂತ್ರಗಳಿಗೆ ಅದೂ ಸಾಧ್ಯ. ಅದನ್ನು ಸೇರಿಸಬೇಕಾದರೆ, ಒಳಗಿನಿಂದ ಬಂದ ಅಜ್ಜಿಯ ದನಿಯನ್ನು ಅಲ್ಲಿಂದ ತೆಗೆಯಬೇಕು.

ಅಜ್ಜಿಯು ಇನ್ನೂ ಬದುಕಿರುವರು. ಮುಂದಿನ ಸಾಲಿನಲ್ಲಿ ಮಣೆಯ ಮೇಲೆ ಕುಳಿತು ಕೇಳಬೇಕಾದವರು ಅವರೇ.